ಮಾತಿಗೆ ನಾಲ್ಕು ಮಾರ್ಕು

ಕಳೆದ ಜೂನ್‌ನಲ್ಲಿ ಹ್ಯಾನೋವರ್‌ನ ಒಂದು ಟ್ರಾಮ್ ಸ್ಟಾಪಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಚೀಲದಿಂದ ಹೊಗೆಸೊಪ್ಪಿನ ಪೊಟ್ಟಣ ತೆಗೆದು, ತೆಳು ಕಾಗದದ ಮೇಲೆ ಉದುರಿಸಿ, ಎರಡು ಹೆಬ್ಬೆರಳಿನಲ್ಲಿ ಸುತ್ತತೊಡಗಿದಳು. ಆ ಹಸಿ ವಾಸನೆ ಮೂಗಿಗೆ ಬಡಿಯಿತು. ಉಡುಪಿಯ ನಮ್ಮ ಕೇರಿಯಲ್ಲಿ ನಲವತ್ತು ವರ್ಷ ಬೀಡಿ ಕಟ್ಟಿದ ಕೈ ನನ್ನದು. ಅವಳು ಸುತ್ತಿದ್ದು ನಡುವಿನಲ್ಲಿ ಉಬ್ಬಿ, ತುದಿಯಲ್ಲಿ ಸೊರಗಿತ್ತು. "ಇದು ನಮ್ಮ ಬೀಡಿ ಬ್ರಾಂಚಿನಲ್ಲಿ ಪಾಸಾಗುದಿಲ್ಲ ಮಾರಾಯ್ತಿ" ಎಂದು ಕನ್ನಡದಲ್ಲೇ ಹೇಳಿದೆ. ಏನು ತಿಳಿಯಿತೋ, ನಕ್ಕಳು. ನಾನೂ ನಕ್ಕೆ. ನಗುವುದಕ್ಕೆ ನನಗೇನು ಕಡಿಮೆ? ಮೊಮ್ಮಗಳು ಅಕ್ಷತಾ ಅದೇ ದೇಶದಲ್ಲಿ ಮಕ್ಕಳ ಡಾಕ್ಟರು. ಬಿಳಿ ಕೋಟಿನ ಮೇಲೆ ಹೆಸರಿನ ಪಟ್ಟಿ. ಅದನ್ನು ಓದುವಷ್ಟು ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ; ಬೆರಳಲ್ಲಿ ಸವರಿ ನೋಡಿ ಬಂದೆ. ಎದುರು ಸಿಕ್ಕಿದವರಿಗೆಲ್ಲ ಹೇಳುತ್ತೇನೆ, ಹೇಳಿದ್ದನ್ನೇ ಹೇಳುತ್ತೇನೆ. ನಾಚಿಕೆಯಿಲ್ಲ.

ಆದರೆ ಟ್ರಾಮು ಬಂದು, ನಾಲ್ಕು ಸ್ಟಾಪು ದಾಟಿ, ಅಕ್ಷತಾ ಓದಿದ ಕೆಂಪು ಇಟ್ಟಿಗೆಯ ಆ ಶಾಲೆಯ ಮುಂದೆ ಹಾದಾಗ ನಗು ಅಲ್ಲೇ ನಿಂತಿತು. ಸಿಟ್ಟು ಎದ್ದಿತು. ಸಂತೋಷ ಹೊಟ್ಟೆ ತುಂಬಿದೆ ನಿಜ, ಆದರೆ ಆ ಸಿಟ್ಟು ಇಷ್ಟು ವರ್ಷದಲ್ಲಿ ಒಂದು ಚೂರೂ ಕರಗಿಲ್ಲ. ಕರಗಬೇಕಾಗಿಯೂ ಇಲ್ಲ.

ಗ್ರೀನ್ ಕಾರ್ಡು ಕೊಟ್ಟು ಕಂಪ್ಯೂಟರಿನವರನ್ನು ಜರ್ಮನಿ ಕರೆಯುತ್ತಿದ್ದ ಕಾಲ ಅದು. ನನ್ನ ಅಳಿಯ ಹರೀಶರು ಹಾಗೆ ಹೋದವರು. ಮಗಳು ವನಿತಾ ಜೊತೆಗೆ ಹೋದಳು. ಅಕ್ಷತಾ ಮಾತ್ರ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನ್ನ ಬಳಿಯೇ ಇದ್ದಳು. ನಾನು ಬೀಡಿ ಕಟ್ಟುತ್ತಿದ್ದರೆ ಎದುರು ಕೂತು ಎಲೆ ಕತ್ತರಿಸಿ ಕೊಟ್ಟು ಓದುತ್ತಿದ್ದ ಮಗು. ಆಮೇಲೆ ಅವಳನ್ನೂ ಕರೆಸಿಕೊಂಡರು. ಭಾಷೆ ಕಲಿತು, ಅಲ್ಲಿನ ದೊಡ್ಡ ಶಾಲೆ ಸೇರಿ, ಕಡೆಯ ವರ್ಷಕ್ಕೆ ಬಂದಿದ್ದಳು. ಡಾಕ್ಟರ್ ಓದಬೇಕೆಂದು ಚಿಕ್ಕಂದಿನಿಂದ ಹಟ.

ಆ ಅಕ್ಟೋಬರ್‌ನಲ್ಲಿ ವನಿತಾ ಒದ್ದೆ ಎಲೆಯ ಮೇಲೆ ಸೈಕಲಿನಿಂದ ಜಾರಿ ಕಾಲು ಮುರಿದುಕೊಂಡಳು. ಅಳಿಯನ ಕೆಲಸ ಹ್ಯಾಂಬರ್ಗ್‌ನಲ್ಲಿ. ಶುಕ್ರವಾರ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಹಾಗಾಗಿ ತೊಂಬತ್ತು ದಿನದ ವೀಸಾ ಮಾಡಿಸಿ ನನ್ನನ್ನು ಕರೆಸಿದರು. ನವೆಂಬರ್ ಮೊದಲ ವಾರ ಇಳಿದೆ. ಸೂರ್ಯ ಎಂಬವನು ಆ ಊರಿನಲ್ಲಿ ಇರಲೇ ಇಲ್ಲ. ಮಧ್ಯಾಹ್ನ ಮೂರೂವರೆಗೆ ದೀಪ ಹಾಕಬೇಕು. ಮಳೆಯೂ ನಮ್ಮ ಮಳೆಯ ಹಾಗೆ ಧೈರ್ಯವಾಗಿ ಸುರಿಯುವುದಿಲ್ಲ. ಸಾಲ ಕೇಳಲು ಬಂದವನ ಹಾಗೆ ಬಾಗಿಲಲ್ಲೇ ನಿಂತು ಪಿರಿಪಿರಿ ಮಾಡುತ್ತದೆ. ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ಟು, ಕಾಲಿಗೆ ಎರಡೆರಡು ಕಾಲುಚೀಲ ಹಾಕಿಕೊಂಡು ಅಡಿಗೆ ಮಾಡಿದೆ, ಮಗಳನ್ನು ಮೀಯಿಸಿದೆ, ಕಟ್ಟಡದವರೆಲ್ಲ ಸರದಿಯಲ್ಲಿ ಒರೆಸುವ ಮೂರು ಮಹಡಿಯ ಮೆಟ್ಟಿಲನ್ನು ನಮ್ಮ ವಾರ ನಾನೇ ಒರೆಸಿದೆ.

ಅಕ್ಷತಾ ತುಂಬ ಮೌನವಾಗಿದ್ದಳು. ಮೊದಲೂ ಮಾತು ಕಡಿಮೆಯೇ. ಆದರೆ ಇದು ಬೇರೆ. ಒಂದು ದಿನ ಅವಳ ಮೇಜು ಒರೆಸುವಾಗ ಜೀವಶಾಸ್ತ್ರದ ಉತ್ತರ ಪತ್ರಿಕೆ ಸಿಕ್ಕಿತು. ಕೆಂಪು ಶಾಯಿಯಲ್ಲಿ ಹದಿನಾಲ್ಕು. ಹದಿನೈದಕ್ಕೆ ಹದಿನಾಲ್ಕು! ಅಂಕಿ ನನಗೆ ಚೆನ್ನಾಗಿ ಬರುತ್ತದೆ. ಹಿಡಿದುಕೊಂಡು ವನಿತಾಳ ಹಾಸಿಗೆಯ ಹತ್ತಿರ ಓಡಿದೆ.

"ಅದಲ್ಲಮ್ಮ" ಎಂದಳು ವನಿತಾ. "ಅದು ಬರೆದದ್ದಕ್ಕೆ. ಕ್ಲಾಸಲ್ಲಿ ಮಾತಾಡಿದ್ದಕ್ಕೆ ಬೇರೆ ಮಾರ್ಕು ಉಂಟು. ಅದರಲ್ಲಿ ಹೋದ ವರ್ಷ ಇವಳಿಗೆ ನಾಲ್ಕು. ಎರಡೂ ಸೇರಿಸಿ ಭಾಗ ಮಾಡಿ ಒಂಬತ್ತು."

"ಮಾತಾಡಿದ್ದಕ್ಕೆ ಮಾರ್ಕಾ?"

"ಹೌದು. ಇಲ್ಲಿ ಅರ್ಧ ಅದೇ."

ಆ ಶುಕ್ರವಾರ ಅಳಿಯ ಊಟಕ್ಕೆ ಕೂತಾಗ ಪೂರ್ತಿ ಬಿಡಿಸಿ ಹೇಳಿದರು. ನಮ್ಮಲ್ಲಿ ಡಾಕ್ಟರ್ ಸೀಟಿಗೆ ಸಿಇಟಿ ಬರೆಯುತ್ತಾರೆ, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ದಿನ. ಇಲ್ಲಿ ಅಂಥದ್ದಿಲ್ಲ. ಶಾಲೆಯ ಕಡೆಯ ಎರಡು ವರ್ಷ ಟೀಚರುಗಳು ಕೊಟ್ಟ ಮಾರ್ಕು ಮೂರರಲ್ಲಿ ಎರಡು ಪಾಲು, ಕೊನೆಯ ಪರೀಕ್ಷೆ ಒಂದು ಪಾಲು. ಅದನ್ನು ಸೇರಿಸಿದ್ದೇ ಆಬಿಟೂರ್. ಆ ಒಂದು ಅಂಕಿ ನೋಡಿ ಸೀಟು ಹಂಚುತ್ತಾರೆ. ದಶಮಾಂಶದ ಪಾಯಿಂಟಿನ ಆಚೆ ಒಂದು ಅಂಕಿ ಹೆಚ್ಚುಕಮ್ಮಿಯಾದರೂ ಹೋಯಿತು.

"ಊರಿಗೆ ಬಂದು ಸಿಇಟಿ ಬರೀಲಿ" ಎಂದೆ.

"ಆಗುದಿಲ್ಲ ಅತ್ತೆ. ಪಿಯುಸಿ ಅಲ್ಲಿ ಓದಿರ್ಬೇಕು. ನನ್ನ ಕಾರ್ಡು ಐದು ವರ್ಷದ್ದು, ಅದರಲ್ಲಿ ಮೂರು ಮುಗೀತು. ಮುಂದೆ ಕೊಡ್ತಾರೋ ಇಲ್ವೋ ಯಾರಿಗೂ ಗೊತ್ತಿಲ್ಲ. ಈ ಸಲ ಸೀಟು ಸಿಕ್ಕಿದ್ರೆ ಇವಳು ಇಲ್ಲೇ ಓದಬಹುದು. ಸಿಗದಿದ್ರೆ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ."

ಅಕ್ಷತಾ ತಟ್ಟೆ ನೋಡುತ್ತಾ ಅನ್ನ ಕಲಸುತ್ತಿದ್ದಳು. ನನ್ನ ಕಣ್ಣ ಮುಂದೆ ಬಂದವನು ನಮ್ಮ ಬ್ರಾಂಚಿನ ಚೆಕ್ಕರ್. ವಾರವಿಡೀ ಕಟ್ಟಿದ ಬೀಡಿಯನ್ನು ಮೊರದಲ್ಲಿ ತೆಗೆದುಕೊಂಡು ಹೋಗಿ ಅವನ ಮುಂದೆ ಇಟ್ಟರೆ, ಅವನು ಬೀಡಿ ನೋಡುವ ಮೊದಲು ಮುಖ ನೋಡುತ್ತಿದ್ದ. ಅವನ ಹತ್ತಿರ ನಗಾಡಿ, 'ಏನು ಚೆಕ್ಕರಣ್ಣ, ಹೊಸ ಅಂಗಿಯಾ' ಎಂದು ಮಾತಾಡಿದವರ ಕಟ್ಟಿನಿಂದ ಎರಡು ತೆಗೆದು ಎಸೆದರೆ, ತಲೆ ತಗ್ಗಿಸಿ ನಿಂತ ನನ್ನ ಕಟ್ಟಿನಿಂದ ಇಪ್ಪತ್ತು. ಎಲೆ ಅದೇ, ಹುಡಿ ಅದೇ, ಕೈ ಮಾತ್ರ ನನ್ನದು ಉತ್ತಮ. ನಲವತ್ತು ವರ್ಷ ಆ ಸಿಟ್ಟು ನುಂಗಿದವಳು ನಾನು. ಕಡಲು ದಾಟಿ ಬಂದರೂ ಅವನೇ ಕುರ್ಚಿ ಹಾಕಿ ಕೂತಿದ್ದಾನಲ್ಲ!

"ಪರೀಕ್ಷೆಯಲ್ಲಿ ಹೆಸರಿಲ್ಲ, ನಂಬರು ಮಾತ್ರ" ಎಂದೆ. "ನಂಬರಿಗೆ ಮುಖ ಉಂಟಾ? ನಮ್ಮ ಊರಿನದ್ದೇ ಸರಿ."

ವನಿತಾ ಹಾಸಿಗೆಯಿಂದಲೇ ಕೂಗಿದಳು. "ಹೌದಾ ಅಮ್ಮ? ನನಗೆ ಪಿಯುಸಿ ಪರೀಕ್ಷೆ ದಿನ ಟೈಫಾಯ್ಡ್ ಬಂದದ್ದು ಮರ್ತಿಯಾ? ವರ್ಷ ಇಡೀ ಕ್ಲಾಸಿಗೆ ಫಸ್ಟ್ ಇದ್ದೆ. ಆ ಮೂರು ಗಂಟೆಯಲ್ಲಿ ಎಲ್ಲ ಹೋಯ್ತು. ಯಾರಾದ್ರೂ ಕೇಳಿದ್ರಾ, ಹಿಂದಿನ ದಿನ ಹೇಗಿದ್ದಿ ಅಂತ? ಇಲ್ಲಿಯವರು ಎರಡು ವರ್ಷ ನೋಡ್ತಾರೆ, ಅದು ತಪ್ಪಾ?"

ಮರೆತಿರಲಿಲ್ಲ. ಒದ್ದೆ ಬಟ್ಟೆ ಹಣೆಗೆ ಕಟ್ಟಿ ಪರೀಕ್ಷೆಗೆ ಕಳಿಸಿದವಳು ನಾನೇ. ಅವಳು ಓದು ಬಿಟ್ಟದ್ದೂ ಅದಕ್ಕೇ. ಆ ತಕ್ಕಡಿಯೂ ಸರಿಯಿಲ್ಲ, ಈ ತಕ್ಕಡಿಯೂ ಸರಿಯಿಲ್ಲ. ಎರಡರಲ್ಲೂ ತೂಕಕ್ಕೆ ಬೀಳುವುದು ನಮ್ಮ ಮನೆಯ ಹೆಣ್ಣುಮಕ್ಕಳೇ. ಸಿಟ್ಟು ಇಮ್ಮಡಿಯಾಯಿತು.

ಅಕ್ಷತಾಳನ್ನು ಅಡಿಗೆಮನೆಗೆ ಕರೆದು ಕೇಳಿದೆ. "ನೀನ್ಯಾಕೆ ಮಾತಾಡುದಿಲ್ಲ? ಗೊತ್ತಿಲ್ವಾ?"

"ಗೊತ್ತುಂಟು ಅಜ್ಜಿ."

"ಮತ್ತೆ?"

"ಕೇಳದೆ ಹೇಗೆ ಹೇಳುದು? ದೊಡ್ಡವರು ಕೇಳದೆ ಬಾಯಿ ತೆರೀಬಾರ್ದು ಅಂತ ನೀವೇ ಹೇಳಿದ್ದಲ್ವಾ?"

ಒಲೆಯ ಮೇಲಿದ್ದ ಗಂಜಿ ಉಕ್ಕಿ ಚೆಲ್ಲಿತು. ನಾನು ನೋಡುತ್ತಾ ನಿಂತೆ. ಹೇಳಿದ್ದೆ. ಒಂದು ಸಲ ಅಲ್ಲ, ದಿನಕ್ಕೆ ನಾಲ್ಕು ಸಲ ಹೇಳಿದ್ದೆ. ಟೀಚರ ಎದುರು ತಲೆ ತಗ್ಗಿಸು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ನಡುವೆ ಬಾಯಿ ಹಾಕಬೇಡ. ಊರಿನವರೆಲ್ಲ 'ಅಜ್ಜಿ ಸಾಕಿದ ಮಗು ಎಷ್ಟು ಶಿಸ್ತು' ಎಂದು ಹೊಗಳಿದಾಗ ಉಬ್ಬಿದ್ದೆ. ಆ ಶಿಸ್ತಿನ ಬೆಲೆ ಈ ದೇಶದಲ್ಲಿ ಹದಿನೈದಕ್ಕೆ ನಾಲ್ಕು.

ನನ್ನ ಮೇಲಿನ ಸಿಟ್ಟನ್ನು ಏನು ಮಾಡುವುದೆಂದು ತಿಳಿಯದೆ ಇನ್ನೊಂದು ತಪ್ಪು ಮಾಡಿದೆ. ಊರಿನಿಂದ ತಂದ ಗೇರುಬೀಜವಿತ್ತು, ನಾನೇ ಸುಲಿದು ಹುರಿದದ್ದು. ಒಂದು ಕಿಲೋ ಕಟ್ಟಿ, ಮೇಲೆ ಕೆಂಪು ನೂಲು ಸುತ್ತಿ, "ನಿನ್ನ ಟೀಚರಿಗೆ ಕೊಡು, ಅಜ್ಜಿ ಕೊಟ್ಟದ್ದು ಹೇಳು" ಎಂದು ಕಳಿಸಿದೆ. ನಮ್ಮಲ್ಲಿ ಹೊಸ ಬೆಳೆ ಬಂದಾಗ ದೇವರಿಗೆ, ಮೇಷ್ಟ್ರಿಗೆ, ಆಮೇಲೆ ಮನೆಗೆ. ಅದರಲ್ಲಿ ಏನುಂಟು? ಅಕ್ಷತಾ ಒಂದು ಸಲ ಬೇಡ ಎಂದಳು. ಬೇಡವೆಂದು ಎರಡನೇ ಸಲ ಹೇಳಲೂ ಅವಳಿಗೆ ಬಾಯಿ ಬರಲಿಲ್ಲ. ಅದೂ ನಾನೇ ಕಲಿಸಿದ್ದು.

ಸಂಜೆ ಗೇರುಬೀಜ ವಾಪಸ್ ಬಂತು. ನೂಲು ಬಿಚ್ಚಿರಲಿಲ್ಲ. ಜೊತೆಗೆ ಒಂದು ಚೀಟಿ. ಅಕ್ಷತಾ ಬೂಟನ್ನೂ ತೆಗೆಯದೆ ಬಾಗಿಲಲ್ಲಿ ಕೂತು ಅತ್ತಳು.

"ಮಾರ್ಕು ಹಾಕುವ ಟೈಮಲ್ಲಿ ಉಡುಗೊರೆ ತಗೊಂಡ್ರೆ ಅವರ ಕೆಲಸಕ್ಕೇ ತೊಂದರೆಯಂತೆ ಅಜ್ಜಿ. ಎಲ್ಲರ ಎದುರು ಹೇಳಿದ್ರು. ಕ್ಲಾಸಿಡೀ ನೋಡ್ತಾ ಇತ್ತು. ಲಂಚ ಅಂತ ತಿಳ್ಕೊಂಡಿದ್ದಾರೆ."

"ಲಂಚವಾ? ಗೇರುಬೀಜವಾ?" ನನ್ನ ಧ್ವನಿ ಮೂರು ಮಹಡಿಗೂ ಕೇಳಿರಬೇಕು. "ಲಂಚ ಕೊಡುವವಳಾದ್ರೆ ಆ ಚೆಕ್ಕರನಿಗೆ ಕೊಟ್ಟು ನಾನು ಯಾವಾಗಲೋ ಮಾಳಿಗೆ ಮನೆ ಕಟ್ಟಿಸ್ತಿದ್ದೆ! ಚೀಟಿಯಲ್ಲಿ ಎಂಥ ಬರ್ದಿದೆ?"

ಶಾಲೆಗೆ ತಂದೆತಾಯಿ ಬಂದು ಮಾತಾಡುವ ದಿನ ಮುಂದಿನ ಬುಧವಾರ, ಸಂಜೆ ಐದೂ ಇಪ್ಪತ್ತರಿಂದ ಐದೂವರೆ, ದಯವಿಟ್ಟು ಯಾರಾದರೂ ಬನ್ನಿ ಎಂದಿತ್ತು. ವನಿತಾಳ ಕಾಲು ಪ್ಲಾಸ್ಟರಿನಲ್ಲಿ. ಅಳಿಯ ಹ್ಯಾಂಬರ್ಗ್‌ನಲ್ಲಿ.

"ನಾನು ಹೋಗ್ತೇನೆ" ಎಂದೆ.

"ಅಮ್ಮ, ನಿಂಗೆ ಜರ್ಮನ್ ಬರುದಿಲ್ಲ."

"ಇವಳಿಗೆ ಬರ್ತದಲ್ಲ."

ಆ ಬುಧವಾರ ಜರಿ ಅಂಚಿನ ಸೀರೆ ಉಟ್ಟೆ. ಮೇಲೆ ಅದೇ ಜಾಕೆಟ್ಟು. ಶಾಲೆಯ ಓಣಿಯಲ್ಲಿ ಒದ್ದೆ ಕೋಟುಗಳ ವಾಸನೆ, ಮೂಲೆಯಲ್ಲಿ ಮಕ್ಕಳು ಯಾವುದೋ ಸಿಹಿ ರೊಟ್ಟಿ ಸುಟ್ಟು ಮಾರುತ್ತಿದ್ದರು. ಪ್ರತಿ ಬಾಗಿಲಿಗೂ ಹೆಸರು ಮತ್ತು ಹೊತ್ತಿನ ಪಟ್ಟಿ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಒಂದು ಮಗುವಿನ ಎರಡು ವರ್ಷಕ್ಕೆ ಹತ್ತು ನಿಮಿಷ!

ಜೀವಶಾಸ್ತ್ರದ ಟೀಚರ ಹೆಸರು ಫ್ರಾವ್ ಹೋಲ್ಟ್ಸ್; ಫ್ರಾವ್ ಎಂದರೆ ಅಲ್ಲಿ ಶ್ರೀಮತಿ. ಕತ್ತರಿಸಿದ ಬಿಳಿ ಕೂದಲು, ನನ್ನದೇ ಪ್ರಾಯಕ್ಕೆ ಹತ್ತಿರ. ಎದ್ದು ಕೈ ಕುಲುಕಿದರು. ಒಳ್ಳೆಯ ಮುಖ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಚೆಕ್ಕರನ ಹಾಗೆ ಇದ್ದಿದ್ದರೆ ಸುಲಭವಿತ್ತು.

ಅವರು ಏನೋ ಹೇಳಿದರು. ಅಕ್ಷತಾ ನೆಲ ನೋಡುತ್ತಾ ಕನ್ನಡ ಮಾಡಿದಳು. "ನನ್ನ ಬರವಣಿಗೆ ತುಂಬ ಒಳ್ಳೇದುಂಟಂತೆ. ಆದ್ರೆ ಕ್ಲಾಸಲ್ಲಿ ನಾನು ಇದ್ದೇನೆ ಅಂತಲೇ ಗೊತ್ತಾಗುದಿಲ್ಲಂತೆ. ಕಿವಿಗೆ ಬೀಳದ್ದಕ್ಕೆ ಮಾರ್ಕು ಹೇಗೆ ಕೊಡುದು ಅಂತ ಕೇಳ್ತಾರೆ."

"ಕಣ್ಣಿಲ್ವಾ ಅಂತ ಕೇಳು."

"ಅಜ್ಜಿ!"

"ಕೇಳು ಹೇಳಿದ್ದು. ನಾನು ಬೀಡಿ ಕಟ್ಟುವವಳು ಅಂತ ಹೇಳು. ಬೀಡಿ ಚೆಂದ ಉಂಟಾ ಅಂತ ಬೀಡಿ ನೋಡಿ ಹೇಳ್ಬೇಕು, ಕಟ್ಟಿದವಳು ಎಷ್ಟು ಮಾತಾಡಿದಳು ಅಂತ ನೋಡಿ ಅಲ್ಲ. ಗೇರುಬೀಜ ಲಂಚ ಅಲ್ಲ ಅಂತಲೂ ಹೇಳು. ಬಸ್ಸಿನ ಕಂಡಕ್ಟರನಿಗೂ ಕೊಡ್ತೇನೆ ನಾನು."

ನಾನು ಹೇಳಿದ್ದು ಇಷ್ಟೇ. ಅಕ್ಷತಾ ಉಸಿರೆಳೆದು ಶುರುಮಾಡಿದಳು. ಬೀಡಿ ಎಂಬ ಶಬ್ದ ಕೇಳಿಸಿತು, ಸರಿ. ಕಂಡಕ್ಟರ್ ಎಂಬ ಶಬ್ದವೂ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹುಡುಗಿ ಮುಂದುವರಿದಳು. ಮೊದಲು ನೆಲ ನೋಡುತ್ತಿದ್ದವಳು ಮೇಜು ನೋಡಿದಳು, ಆಮೇಲೆ ಟೀಚರ ಮುಖ ನೋಡಿದಳು. ಕೈ ಆಡತೊಡಗಿತು. ಕೆನ್ನೆ ಕೆಂಪಾಯಿತು. ಲಿನ್, ಲಿನ್ ಎಂದು ಯಾರದೋ ಹೆಸರು ಎರಡು ಮೂರು ಸಲ ಬಂತು. ಫ್ರಾವ್ ಹೋಲ್ಟ್ಸ್ ಕನ್ನಡಕ ತೆಗೆದರು, ಹಾಕಿದರು, ಏನೋ ಬರೆದುಕೊಂಡು ಪೆನ್ನಿನ ಮುಚ್ಚಳ ಮುಚ್ಚಿದರು.

"ಎಂಥ ಹೇಳ್ತಾ ಇದ್ದಿ ನೀನು?" ಎಂದು ತೋಳು ಜಗ್ಗಿದೆ. "ನಾನು ಇಷ್ಟೆಲ್ಲ ಹೇಳ್ಲಿಲ್ಲ!"

"ಸ್ವಲ್ಪ ಸುಮ್ಮನಿರಿ ಅಜ್ಜಿ."

ಹುಟ್ಟಿದಂದಿನಿಂದ ಆ ಮಗು ನನಗೆ ಸುಮ್ಮನಿರಿ ಎಂದಿರಲಿಲ್ಲ. ಸೀರೆಯ ಅಂಚು ಮುಷ್ಟಿಯಲ್ಲಿ ಹಿಡಿದು ಕೂತೆ. ಕಣ್ಣಿನಲ್ಲಿ ನೀರು, ಆದರೆ ಆ ಟೀಚರ ಎದುರು ಒರೆಸಿಕೊಳ್ಳುವ ಹೆಂಗಸಲ್ಲ ನಾನು.

ಹೊರಗಿನವರು ಎರಡು ಸಲ ಬಾಗಿಲು ತಟ್ಟಿದರು. ಕಡೆಗೆ ಟೀಚರು ಏನೋ ನಾಲ್ಕು ಮಾತು ಹೇಳಿ ಎದ್ದರು. ನಾವು ಹೊರಗೆ ಬಂದೆವು.

"ಮಾರ್ಕು ಬದಲು ಮಾಡಿದ್ರಾ?"

"ಇಲ್ಲ. ಕೊಟ್ಟದ್ದು ಕೊಟ್ಟದ್ದೇ ಅಂತೆ. ಈ ಜನವರಿಯದ್ದು ಇನ್ನೂ ಬರೀಲಿಲ್ಲ, ಇವತ್ತು ಮಾತಾಡಿದ ಹಾಗೆ ಕ್ಲಾಸಲ್ಲಿ ಮಾತಾಡು, ಅಂದ್ರು."

"ನೀನು ಅಷ್ಟು ಹೊತ್ತು ಎಂಥ ಹೇಳಿದ್ದು?"

ಟ್ರಾಮಿನಲ್ಲಿ ಕೂತ ಮೇಲೆ ಹೇಳಿದಳು. ಕ್ಲಾಸಿನಲ್ಲಿ ಕೈ ಎತ್ತುವವರಲ್ಲಿ ಅರ್ಧ ಜನ ಮುಂಚಿನವರು ಹೇಳಿದ್ದನ್ನೇ ತಿರುಗಿಸಿ ಹೇಳಿ ಮಾರ್ಕು ತಗೊಳ್ಳುತ್ತಾರೆ. ತಾನು ಯೋಚಿಸಿ, ಜರ್ಮನ್‌ನಲ್ಲಿ ವಾಕ್ಯ ಜೋಡಿಸಿ ಕೈ ಎತ್ತುವಷ್ಟರಲ್ಲಿ ಅವರು ಮುಂದಿನ ಪಾಠಕ್ಕೆ ಹೋಗಿರುತ್ತಾರೆ. ಪಕ್ಕದಲ್ಲಿ ಲಿನ್ ಎಂಬ ವಿಯೆಟ್ನಾಂ ಕಡೆಯ ಹುಡುಗಿ ಕೂರುತ್ತಾಳೆ, ಅವಳಿಗೂ ಮಾತಿಗೆ ನಾಲ್ಕೇ. ತನಗೆ ತಿಳಿಯದ ಪ್ರಶ್ನೆಗಳನ್ನು ಬಿಡಿಸಿ ಹೇಳಿಕೊಡುವವಳೇ ಅವಳು. ನಮ್ಮಿಬ್ಬರ ಬೆಂಚಿಗೆ ನೀವು ಎಷ್ಟು ಸಲ ಪ್ರಶ್ನೆ ಕೇಳಿದ್ದೀರಿ ಎಂದು ಕೇಳಿದಳಂತೆ.

"ಅದಕ್ಕೆ ಏನಂದ್ರು?"

"ಕೇಳಿದ್ದನ್ನು ಬರ್ಕೊಂಡ್ರು."

ಮರುದಿನದಿಂದ ನಮ್ಮ ಅಡಿಗೆಮನೆಯಲ್ಲಿ ಬೇರೆ ಶಾಲೆ ಶುರುವಾಯಿತು. ನಾನು ಮಾತಾಡುತ್ತಿರುವಾಗ ಅವಳು ನಡುವೆ ಬಾಯಿ ಹಾಕಬೇಕು. ಹಾಕದಿದ್ದರೆ ನೀರುದೋಸೆ ಇಲ್ಲ. ಮೊದಲ ದಿನ ನಾನು ಬಸಳೆ ಸಾರಿನ ಬಗ್ಗೆ, ಮೆಟ್ಟಿಲು ಒರೆಸುವ ಬಗ್ಗೆ, ತೀರಿಹೋದ ಅವಳ ಅಜ್ಜನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಮಗು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಬಲೆಯಲ್ಲಿ ಬಿದ್ದ ಮೀನಿನ ಹಾಗೆ. ದೋಸೆ ತಣ್ಣಗಾಯಿತು.

"ಅಡ್ಡ ಬಾ ಮಾರಾಯ್ತಿ!"

"ನೀವು ಉಸಿರೇ ಬಿಡುದಿಲ್ಲ ಅಜ್ಜಿ."

"ಅವರು ಬಿಡ್ತಾರಾ?"

ಮೂರನೇ ದಿನ ನಾನು ಊರಿನ ಕಥೆ ಹೇಳುತ್ತಿದ್ದಾಗ "ತಪ್ಪು ಅಜ್ಜಿ, ಅದು ಅಜ್ಜ ಅಲ್ಲ, ದೊಡ್ಡ ಮಾವ ಬಾವಿಗೆ ಬಿದ್ದದ್ದು" ಎಂದಳು. ಎರಡು ದೋಸೆ ಹೆಚ್ಚು ಹಾಕಿದೆ. ಕ್ರಿಸ್ಮಸ್ ಹೊತ್ತಿಗೆ ಎಷ್ಟು ಮುಂದೆ ಹೋದಳೆಂದರೆ, ಅವಳಪ್ಪ ಮನೆ ಬಾಡಿಗೆಯ ವಿಷಯ ಮಾತಾಡುವಾಗ ಮೂರು ಸಲ ಅಡ್ಡ ಬಂದಳು. "ಅತ್ತೆ, ಇನ್ನು ಕಲಿಸಿದ್ದು ಸಾಕು" ಎಂದರು ಅಳಿಯ. ವನಿತಾ ಪ್ಲಾಸ್ಟರಿನ ಕಾಲು ಚಾಚಿಕೊಂಡು ಬಿದ್ದು ಬಿದ್ದು ನಕ್ಕಳು.

ನಗುವಿನ ಒಳಗೂ ನನಗೆ ಕುದಿಯುತ್ತಿತ್ತು. ಒಳ್ಳೆಯ ಮಗುವಿಗೆ ಕೆಟ್ಟ ಅಭ್ಯಾಸ ಕಲಿಸುವ ಕೆಲಸ ಯಾಕೆ ಬಂತು ನನಗೆ? ಸುಮ್ಮನೆ ಕೂತು ಕೇಳುವುದು ದಡ್ಡತನ ಎಂದು ಯಾರು ಬರೆದಿಟ್ಟದ್ದು? ಗೊತ್ತಿದ್ದನ್ನು ಬರೆದು ತೋರಿಸಿದ ಮೇಲೆ, ಬಾಯಿಬಿಟ್ಟೂ ತೋರಿಸು ಎಂದರೆ ಅದು ಓದಿನ ಪರೀಕ್ಷೆಯಾ, ಸಂತೆಯ ಪರೀಕ್ಷೆಯಾ?

ಜನವರಿ ಕೊನೆಯ ದಿನ ಅಕ್ಷತಾ ಕಾಗದ ತಂದಳು. ಹಿಮ ಬಿದ್ದು ಅವಳ ಟೊಪ್ಪಿಯ ಮೇಲೆಲ್ಲ ಬೂದಿ ಹಾಕಿದ ಹಾಗಿತ್ತು. ಬರೆದದ್ದಕ್ಕೆ ಹದಿನಾಲ್ಕು, ಮಾತಿಗೆ ಹತ್ತು. ಎರಡೂ ಸೇರಿ ಹನ್ನೆರಡು. ನಾನು ಅವಳನ್ನು ಹಿಡಿದುಕೊಂಡು ಸುತ್ತು ತಿರುಗಿದೆ, ಕೆಳಗಿನ ಮನೆಯವರು ಮಾಡಿಗೆ ಕೋಲಿನಿಂದ ಕುಟ್ಟಿದರು. ಕುಟ್ಟಲಿ! ಆದರೆ ಹೋದ ವರ್ಷದ ಆ ಒಂಬತ್ತು ಹಾಗೆಯೇ ಇತ್ತು, ಕಲ್ಲಿನ ಹಾಗೆ. ಅದನ್ನು ಯಾರೂ ಕೀಳಲಾರರು. ಐದು ದಿನದಲ್ಲಿ ನನ್ನ ವೀಸಾ ಮುಗಿಯಿತು, ಊರಿಗೆ ಬಂದೆ.

ಬೇಸಿಗೆಯಲ್ಲಿ ಅವಳು ಕೊನೆಯ ಪರೀಕ್ಷೆ ಬರೆದಳು. ಮಳೆಗಾಲ ಬಂತು. ಸೀಟಿನ ಮೊದಲ ಪಟ್ಟಿಯಲ್ಲಿ ಅವಳ ಹೆಸರಿಲ್ಲ ಎಂದು ವನಿತಾ ಫೋನಿನಲ್ಲಿ ಹೇಳಿದಳು. ಪಾಯಿಂಟಿನ ಆಚೆ ಒಂದೇ ಒಂದು ಅಂಕಿಯಲ್ಲಿ ಹೋಗಿತ್ತು. ಆ ಅಂಕಿ ಎಲ್ಲಿ ಉದುರಿತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂರು ವಾರ ನಾನು ಕಟ್ಟಿದ ಬೀಡಿಯನ್ನು ಯಾವ ಚೆಕ್ಕರೂ ಪಾಸು ಮಾಡುತ್ತಿರಲಿಲ್ಲ; ಕೈ ಎಲೆಯ ಮೇಲೆ, ಕಿವಿ ಫೋನಿನ ಮೇಲೆ. ದೇವರಿಗೂ ಬೈದೆ, ಜರ್ಮನಿಗೂ ಬೈದೆ, ನನ್ನ ಬಾಯಿಗೂ ಬೈದುಕೊಂಡೆ.

ಒಂದು ಮಧ್ಯಾಹ್ನ ಫೋನು ಬಂತು. ಅಕ್ಷತಾಳದೇ ಧ್ವನಿ.

"ಅಜ್ಜಿ, ಸಿಕ್ಕಿತು! ಎರಡನೇ ಪಟ್ಟಿಯಲ್ಲಿ. ಬೇರೆ ಊರು, ಆದ್ರೆ ಮೆಡಿಕಲ್ಲೇ!"

ನಾನು ಕೂಗಿದ್ದಕ್ಕೆ ಅಂಗಳದ ಕೋಳಿಗಳೆಲ್ಲ ಬೇಲಿ ಹಾರಿದವು. ಅತ್ತೆ, ನಕ್ಕೆ, ಏನೇನೋ ಹೇಳಿದೆ. ಅವಳೂ ಅತ್ತಳು. ಆಮೇಲೆ ನೆನಪಾಗಿ ಕೇಳಿದೆ.

"ಆ ಲಿನ್‌ಗೆ?"

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಸಿಗ್ಲಿಲ್ಲ ಅಜ್ಜಿ. ಬರವಣಿಗೆಯಲ್ಲಿ ಅವಳಿಗೆ ನನಗಿಂತ ಜಾಸ್ತಿ ಇತ್ತು. ಮಾತಿನದ್ದು ಕೊನೆಯವರೆಗೂ ಐದಕ್ಕಿಂತ ಮೇಲೆ ಹೋಗ್ಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಕಲೀಲಿಕ್ಕೆ ಸೇರಿದ್ದಾಳೆ."

"ಅವಳ ಮನೆಯವರು ಹೋಗಿ ಕೇಳ್ಲಿಲ್ವಾ?"

"ಅವರಿಗೂ ಭಾಷೆ ಬರುದಿಲ್ಲ. ಟೀಚರಿಗೆ ಎದುರು ಮಾತಾಡಬಾರ್ದು ಅಂತ ಅವರ ಮನೆಯಲ್ಲೂ ಹೇಳಿದ್ದಾರೆ."

ಫೋನು ಇಟ್ಟು ಡಬ್ಬಿಯಲ್ಲಿದ್ದ ಸಕ್ಕರೆಯನ್ನೆಲ್ಲ ತಟ್ಟೆಗೆ ಸುರಿದುಕೊಂಡು ಮಳೆಯಲ್ಲೇ ಕೇರಿಗೆ ಹೊರಟೆ. ಮನೆಮನೆಗೂ ಹೋಗಿ, ಕೈಗೆ ಸಕ್ಕರೆ ಹಾಕಿ, ನನ್ನ ಮೊಮ್ಮಗಳು ಡಾಕ್ಟರಾಗುತ್ತಾಳೆ ಎಂದು ಹೇಳಿ, ಅದೇ ಉಸಿರಿಗೆ ಆ ದೇಶದ ಮಾರ್ಕಿನವರಿಗೆ ಬಾಯಿಗೆ ಬಂದಂತೆ ಬೈದೆ. ಕೊನೆಯ ಮನೆಯ ಗುಲಾಬಿಯಕ್ಕ ಸಕ್ಕರೆ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು.

"ನಿನಗೆ ತಲೆ ಸರಿ ಉಂಟಾ? ನಿನ್ನ ಪುಳ್ಳಿಗೆ ಸೀಟು ಸಿಕ್ಕಿತಲ್ಲ ಮಾರಾಯ್ತಿ, ಇನ್ನು ಯಾರ ಲೆಕ್ಕದಲ್ಲಿ ಬೈಯುದು?"

"ಅಲ್ಲಿ ಇನ್ನೊಂದು ಹುಡುಗಿ ಉಂಟು" ಎಂದೆ. "ಅವಳ ಅಜ್ಜಿಗೆ ಆ ಶಾಲೆಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಅವಳ ಪಾಲಿನದ್ದೂ ನಾನೇ ಬೈಯಬೇಕಲ್ಲ."